ಕ್ರಮವಾಗಿ ಎಂದರೆ ಎಷ್ಟು ವರ್ಷ?

ನಮ್ಮ ಕೆಳಹಂತದ ನ್ಯಾಯಾಲಯಗಳ ಕನ್ನಡ ತೀರ್ಪುಗಳ ಕೊನೆಯಲ್ಲಿ, ಆದೇಶದ ಭಾಗದಲ್ಲಿ, ಇಂಥದೊಂದು ವಾಕ್ಯ ಸಿಗುತ್ತದೆ: ಆರೋಪಿಗೆ ಭಾರತೀಯ ದಂಡ ಸಂಹಿತೆಯ ಕಲಂ 457 ಮತ್ತು 380ರ ಅಪರಾಧಗಳಿಗೆ ಕ್ರಮವಾಗಿ 3 ವರ್ಷ ಮತ್ತು 2 ವರ್ಷಗಳ ಕಠಿಣ ಕಾರಾವಾಸ ವಿಧಿಸಲಾಗಿದೆ. ಕನ್ನಡ ಬಲ್ಲವರಿಗೆ ಇದರಲ್ಲಿ ಗೊಂದಲವಿಲ್ಲ. ರಾತ್ರಿ ಹೊತ್ತು ಮನೆಗೆ ಕನ್ನ ಹಾಕಿದ್ದಕ್ಕೆ 3, ಮನೆಯೊಳಗಿನ ಕಳ್ಳತನಕ್ಕೆ 2. ಯಾವ ಕಲಮಿಗೆ ಎಷ್ಟು ಎಂಬುದನ್ನಷ್ಟೇ ಆ ವಾಕ್ಯ ಹೇಳುತ್ತದೆ. ಯಾವ ಶಿಕ್ಷೆ ಮೊದಲು, ಯಾವುದು ಆಮೇಲೆ ಎಂಬ ಪ್ರಸ್ತಾಪವೇ ಅಲ್ಲಿಲ್ಲ. ಈ ವಾಕ್ಯವನ್ನು ಇಂಗ್ಲಿಷಿಗೆ ತರುವಾಗ ‘ಕ್ರಮವಾಗಿ’ ಎಂದಿದ್ದ ಕಡೆ ನಾನು ‘ಕಾನ್ಸೆಕ್ಯುಟಿವ್‌ಲಿ’ ಎಂದು ಬರೆದೆ. ಒಂದು ಮುಗಿದ ಕೂಡಲೇ ಇನ್ನೊಂದು ಎಂಬ ಅರ್ಥದ ಶಬ್ದ ಅದು. 3 ವರ್ಷ ಮುಗಿದ ಮೇಲೆ 2 ವರ್ಷ, ಒಟ್ಟು 5 ಎಂದಾಯಿತು.

ನಾನು ಉತ್ತರ ಕರ್ನಾಟಕದ ಜಿಲ್ಲಾ ಕೇಂದ್ರವೊಂದರಲ್ಲಿ ವಕೀಲರಿಗೆ ಅನುವಾದ ಮಾಡಿಕೊಟ್ಟು ಬದುಕುವವನು. ಉತಾರ, ಪಂಚನಾಮೆ, ಸಾಕ್ಷಿ ಹೇಳಿಕೆ, ಮೃತ್ಯುಪತ್ರ, ತೀರ್ಪು ಎಲ್ಲವೂ ನನ್ನ ಮೇಜಿಗೆ ಬರುತ್ತವೆ. ಕರ್ನಾಟಕದ ತಾಲ್ಲೂಕು, ಜಿಲ್ಲಾ ನ್ಯಾಯಾಲಯಗಳಲ್ಲಿ ಕನ್ನಡದಲ್ಲಿ ತೀರ್ಪು ಬರೆಯುವ ನ್ಯಾಯಾಧೀಶರಿದ್ದಾರೆ, ಅದು ಸಂತೋಷದ ಮಾತು. ಆದರೆ ಸಂವಿಧಾನದ 348ನೇ ವಿಧಿಯಂತೆ ಸುಪ್ರೀಂ ಕೋರ್ಟು, ಹೈಕೋರ್ಟುಗಳ ನಡಾವಳಿಯ ಭಾಷೆ ಇಂಗ್ಲಿಷ್. ಕೇಸು ದಿಲ್ಲಿಗೆ ಹೋದರೆ, ಇಲ್ಲವೇ ಇಲ್ಲಿನ ಕಾಗದ ಇನ್ನೊಂದು ರಾಜ್ಯದ ನ್ಯಾಯಾಲಯಕ್ಕೆ ಬೇಕಾದರೆ, ಕನ್ನಡದ ತೀರ್ಪು ಇಂಗ್ಲಿಷಾಗಲೇಬೇಕು. ಅಲ್ಲಿ ಕುಳಿತು ಓದುವವರಿಗೆ ಮೂಲ ತೀರ್ಪು ಕೈಯಲ್ಲಿದ್ದರೂ ಇಲ್ಲದಂತೆಯೇ. ಅನುವಾದಕ ಬರೆದದ್ದೇ ಅವರ ಪಾಲಿಗೆ ತೀರ್ಪು.

ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಇನ್ನೂ ಜಾರಿಯಲ್ಲಿದ್ದ ಕಾಲ. ವಿಜಯಪುರ ಕಡೆಯ ಒಬ್ಬ ಯುವಕ ನೆರೆರಾಜ್ಯಕ್ಕೆ ಗೌಂಡಿ ಕೆಲಸಕ್ಕೆ ಹೋಗಿಬರುತ್ತಿದ್ದವನು. ಇಲ್ಲಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಅವನಿಗೆ ಮೇಲೆ ಹೇಳಿದ ಶಿಕ್ಷೆ ವಿಧಿಸಿತು. ಅದನ್ನು ಅನುಭವಿಸುತ್ತಿರುವಾಗಲೇ ನೆರೆರಾಜ್ಯದಲ್ಲಿ ಅವನ ಮೇಲಿದ್ದ ಇನ್ನೊಂದು ಕೇಸು ತೀರ್ಮಾನವಾಗಿ ಮತ್ತೆ 1 ವರ್ಷದ ಸಜೆಯಾಯಿತು. ಇಂಥ ಸಂದರ್ಭಕ್ಕೆ ಹಳೆಯ ಸಂಹಿತೆಯಲ್ಲಿ ಕಲಂ 427 ಇತ್ತು. ಒಬ್ಬ ಈಗಾಗಲೇ ಶಿಕ್ಷೆ ಅನುಭವಿಸುತ್ತಿದ್ದು, ಇನ್ನೊಂದು ಕೇಸಿನಲ್ಲೂ ಶಿಕ್ಷೆಯಾದರೆ, ಮೊದಲಿನದು ಮುಗಿದ ನಂತರವೇ ಎರಡನೆಯದು ಶುರುವಾಗಬೇಕು. ಎರಡೂ ಒಟ್ಟಿಗೆ ನಡೆಯಲಿ ಎಂದು ನ್ಯಾಯಾಲಯ ಬಾಯಿಬಿಟ್ಟು ಹೇಳಿದರೆ ಮಾತ್ರ ಒಟ್ಟಿಗೆ. ಹಾಗೆ ಹೇಳಬೇಕೆಂದು ಕೋರಿ ಅಲ್ಲಿನ ವಕೀಲರು ಮೇಲಿನ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಅದರ ಜೊತೆಗಿಡಲು ನಮ್ಮ ಮ್ಯಾಜಿಸ್ಟ್ರೇಟರ ತೀರ್ಪಿನ ಇಂಗ್ಲಿಷ್ ಪ್ರತಿ ಬೇಕಾಯಿತು. ಕೆಲಸ ನನಗೆ ಬಂತು.

ಆ ತೀರ್ಪಿನಲ್ಲಿ, ಎರಡು ಪ್ಯಾರಾ ಕೆಳಗೆ, ದಂಡದ ಹಣದ ವಿಷಯವೆಲ್ಲ ಮುಗಿದ ಮೇಲೆ, ಎರಡೂ ಶಿಕ್ಷೆಗಳು ಏಕಕಾಲಕ್ಕೆ ಜಾರಿಯಾಗತಕ್ಕದ್ದು ಎಂಬ ಸಾಲಿತ್ತು. ಅದನ್ನು ‘ಕನ್‌ಕರೆಂಟ್‌ಲಿ’ ಎಂದು ಸರಿಯಾಗಿಯೇ ಬರೆದಿದ್ದೆ. ಹಾಗಾಗಿ ನನ್ನ ಪ್ರತಿಯಲ್ಲಿ ಮೇಲೆ ಒಂದು ಮಾತು, ಕೆಳಗೆ ಅದಕ್ಕೆ ತದ್ವಿರುದ್ಧವಾದ ಇನ್ನೊಂದು ಮಾತು. ಮೇಲಿನಂತೆ ಓದಿದರೆ ಮೊದಲ ಶಿಕ್ಷೆ 5 ವರ್ಷ, ಕೆಳಗಿನಂತೆ ಓದಿದರೆ 3. ಅಲ್ಲಿನ ಸರ್ಕಾರಿ ವಕೀಲರು ಅದನ್ನು ಎತ್ತಿ ತೋರಿಸಿದರಂತೆ. ಅದು ಅವರ ಕರ್ತವ್ಯ. ಪ್ರಮಾಣಪತ್ರದ ಜೊತೆ ಸರಿಯಾದ ಅನುವಾದ ಹಾಜರುಪಡಿಸಿ ಎಂದು ನ್ಯಾಯಾಲಯ ಅರ್ಜಿಯನ್ನು ಮುಂದಕ್ಕೆ ಹಾಕಿತು. ನಡುವೆ ರಜೆ ಬಂತು, ರಜೆ ಮುಗಿದ ಮೇಲೆ ಪಟ್ಟಿಯಲ್ಲಿ ಕೇಸು ಕೆಳಗಿಳಿಯಿತು. ಕೊನೆಗೆ ಅರ್ಜಿ ಮಂಜೂರಾಯಿತು, ನಿಜ. ಅಷ್ಟರೊಳಗೆ ಅವನ 3 ವರ್ಷ ಮುಗಿದು ಎರಡನೆಯ ಸಜೆಯ ಲೆಕ್ಕ ಓಡತೊಡಗಿತ್ತು. ಮುಂಗಾರಿ ಬಿತ್ತನೆಯ ಹೊತ್ತಿಗೆ ಊರಲ್ಲಿರಬೇಕಾಗಿದ್ದವನು ಹೆಸರಿನ ರಾಶಿ ಆಗುವವರೆಗೂ ಒಳಗೇ ಇದ್ದ.

ಅಷ್ಟು ದಿನ ಅವನು ಕಳೆದುಕೊಂಡದ್ದು ನನ್ನ ಒಂದು ಶಬ್ದದಿಂದ. ಆ ಶಬ್ದ ನನ್ನ ಕೈಗೆ ಹೇಗೆ ಬಂತು ಎಂದು ಆಮೇಲೆ ತುಂಬ ಹುಡುಕಿದೆ. ಅದರ ಅರ್ಥ ನನಗೆ ತಿಳಿದೇ ಇತ್ತು. ತಿಳಿದಿದ್ದೂ ಹಾಗೆ ಬರೆದೆ ಎಂಬುದೇ ಹೆಚ್ಚು ಕಾಡಿತು.

ಬಹಳ ಹಿಂದೆ, ಕೋರ್ಟಿನ ಕೆಲಸಕ್ಕೆ ಬರುವ ಮೊದಲು, ಇಲಾಖೆಗಳ ವರದಿಗಳನ್ನು ಅನುವಾದಿಸುತ್ತಿದ್ದೆ. ಬೆಳೆ, ಬರ, ಮಳೆಯ ಲೆಕ್ಕ. ಸತತ ಮೂರನೇ ವರ್ಷ ಬರ ಎಂಬಲ್ಲಿ ‘ಕಾನ್ಸೆಕ್ಯುಟಿವ್’ ಸರಿಯಾದ ಮಾತು. ಕಾಲುವೆ ಕೊನೆಯ ಹಳ್ಳಿಗಳಿಗೆ ಕ್ರಮವಾಗಿ ನೀರು ಬಿಡಲಾಯಿತು ಎಂದಿದ್ದಾಗಲೂ, ಒಂದರ ಪಾಳಿ ಮುಗಿದ ಮೇಲೆ ಇನ್ನೊಂದು ಎಂಬ ಅರ್ಥವೇ ಇದ್ದುದರಿಂದ ಅದೇ ಶಬ್ದ ಹಾಕಿದೆ. ಕೆಲಸ ಬೇಗ ಸಾಗಲೆಂದು ಒಂದು ನೋಟುಬುಕ್ಕು ಮಾಡಿಕೊಂಡಿದ್ದೆ. ಎಡಕ್ಕೆ ಕನ್ನಡ ಶಬ್ದ, ಬಲಕ್ಕೆ ಇಂಗ್ಲಿಷ್ ಶಬ್ದ. ‘ಕ್ರಮವಾಗಿ’ಯ ಎದುರು ಕಾಲುವೆಯ ನೀರಿನ ಆ ಶಬ್ದ ಕೂತಿತು. ಯಾವ ವಾಕ್ಯದಿಂದ ಅದನ್ನು ಎತ್ತಿಕೊಂಡೆ ಎಂದು ಬರೆದುಕೊಳ್ಳಲಿಲ್ಲ. ವರ್ಷಗಳು ಕಳೆದವು, ವಾಕ್ಯ ಮರೆಯಿತು, ಜೋಡಿ ಮಾತ್ರ ಉಳಿಯಿತು. ನೋಟುಬುಕ್ಕು ಕಂಪ್ಯೂಟರಿಗೆ ಹೋಯಿತು. ಕಳ್ಳತನದ ತೀರ್ಪಿನಲ್ಲಿ ಅದೇ ಕನ್ನಡ ಶಬ್ದ ಎದುರಾದಾಗ ನಾನು ವಾಕ್ಯವನ್ನು ಓದಲೇ ಇಲ್ಲ. ಶಬ್ದವನ್ನು ನೋಡಿದೆ, ಜೋಡಿಯನ್ನು ಇಟ್ಟೆ. ಸಂಜೆಯೊಳಗೆ ಕೊಡಬೇಕಿತ್ತು ಎಂಬ ಕಾರಣ ಹೇಳಬಹುದು. ಆದರೆ ನನ್ನ ಕೆಲಸದಲ್ಲಿ ಸಂಜೆಯೊಳಗೆ ಕೊಡಬೇಕಿಲ್ಲದ ಕಾಗದವೇ ಇಲ್ಲ.

ಸಂಸ್ಕೃತದಿಂದ ಬಂದ ಈ ‘ಕ್ರಮ’ಕ್ಕೆ ಎರಡು ಮುಖ ಇರುವುದು ಇವತ್ತಿನ ವಿಷಯವಲ್ಲ. ಕೆಲವು ಹೆಸರುಗಳನ್ನು ಸಾಲಾಗಿ ಹೇಳಿ, ಅವಕ್ಕೆ ಹೊಂದುವ ಮಾತುಗಳನ್ನು ಅದೇ ಸಾಲಿನಲ್ಲಿ ಮತ್ತೆ ಹೇಳುವುದಕ್ಕೆ ಅಲಂಕಾರಶಾಸ್ತ್ರದಲ್ಲಿ ಯಥಾಸಂಖ್ಯ ಎಂದು ಹೆಸರು. ಅದಕ್ಕೆ ‘ಕ್ರಮ’ ಎಂಬ ಹೆಸರೂ ಉಂಟೆಂದು ದಂಡಿ ತನ್ನ ಕಾವ್ಯಾದರ್ಶದಲ್ಲಿ ಹೇಳಿದ್ದಾನೆ. ಕನ್ನಡದ ಕವಿರಾಜಮಾರ್ಗ ಬಹುವಾಗಿ ಆಧರಿಸಿದ ಗ್ರಂಥ ಅದು. ಸಮಸಂಖ್ಯೆಯ ಎರಡು ಪಟ್ಟಿಗಳಿದ್ದರೆ ಒಂದರ ಮೊದಲನೆಯದಕ್ಕೆ ಇನ್ನೊಂದರ ಮೊದಲನೆಯದನ್ನು, ಎರಡನೆಯದಕ್ಕೆ ಎರಡನೆಯದನ್ನು ಹೊಂದಿಸಬೇಕೆಂದು ಪಾಣಿನಿ ಒಂದು ಸೂತ್ರವನ್ನೇ ಇಟ್ಟಿದ್ದಾನೆ. ಅಂದರೆ, ನಮ್ಮ ಮ್ಯಾಜಿಸ್ಟ್ರೇಟರು ಬರೆದ ‘ಕ್ರಮವಾಗಿ’ ಬಹಳ ಹಳೆಯ, ಶುದ್ಧವಾದ ಬಳಕೆ. ಅದಕ್ಕೆ ಇಂಗ್ಲಿಷಿನಲ್ಲಿ ಬೇರೆಯದೇ ಶಬ್ದವಿದೆ, ‘ರೆಸ್ಪೆಕ್ಟಿವ್‌ಲಿ’. ಅದರಲ್ಲಿ ಕಾಲದ ಸುಳಿವೇ ಇಲ್ಲ, ಹೊಂದಾಣಿಕೆ ಮಾತ್ರ.

ಇಂಗ್ಲಿಷಿನವರು ಒಂದಾದ ಮೇಲೊಂದು ನಡೆಯುವುದನ್ನು ಹೇಳಲು ಹಲವು ಶಬ್ದ ಇಟ್ಟುಕೊಂಡಿದ್ದಾರೆ, ಒಂದೊಂದಕ್ಕೂ ಒಂದೊಂದು ಕೆಲಸ. ನಡುವೆ ಬಿಡುವಿಲ್ಲದೆ ನಡೆದರೆ ‘ಕಾನ್ಸೆಕ್ಯುಟಿವ್‌ಲಿ’. ಬಿಡುವಿದ್ದರೂ ಸರಿ, ಒಂದರ ಹಿಂದೆ ಒಂದು ಬಂದರೆ ‘ಸಕ್ಸೆಸಿವ್‌ಲಿ’. ಗೊತ್ತುಮಾಡಿದ ಸರದಿ ಇದ್ದರೆ ‘ಸೀಕ್ವೆನ್ಷಿಯಲಿ’. ಬರೀ ಆಮೇಲೆ ಎನ್ನಬೇಕಾದರೆ ‘ಸಬ್‌ಸಿಕ್ವೆಂಟ್‌ಲಿ’. ಇವನ್ನೆಲ್ಲ ನಾವು ಶಾಲೆಯಲ್ಲಿ ಒಂದೇ ಗಂಟಿನಲ್ಲಿ ಕಲಿಯುತ್ತೇವೆ, ಯಾವುದನ್ನು ಹಾಕಿದರೂ ನಡೆಯುತ್ತದೆ ಎಂಬ ಭಾವನೆ ಉಳಿದುಬಿಡುತ್ತದೆ. ಉದ್ದನೆಯ ಶಬ್ದ ಹಾಕಿದರೆ ಇಂಗ್ಲಿಷ್ ಗಟ್ಟಿಯಾಗಿ ಕಾಣುತ್ತದೆ ಎಂಬ ಆಸೆಯೂ ಅದರ ಜೊತೆಗಿರುತ್ತದೆ. ನನ್ನಲ್ಲಿ ಇತ್ತು.

ನಮ್ಮ ಭಾಷೆಗೆ ಈ ಕ್ರಿಯಾವಿಶೇಷಣಗಳ ಹಂಗು ಕಡಿಮೆ ಎಂಬುದನ್ನು ನಾನು ಅರ್ಥಮಾಡಿಕೊಂಡದ್ದೂ ಈ ಘಟನೆಯ ನಂತರವೇ. ಕನ್ನಡದಲ್ಲಿ ಒಂದಾದ ಮೇಲೊಂದು ಎಂಬುದು ಕ್ರಿಯಾಪದದ ಬಾಲದಲ್ಲೇ ಇದೆ. ಎದ್ದು, ಮುಖ ತೊಳೆದು, ಚಹಾ ಕುಡಿದು, ಹೊಲಕ್ಕೆ ಹೋದ. ಇದರಲ್ಲಿ ಆಮೇಲೆ, ನಂತರ, ತರುವಾಯ ಎಂಬ ಒಂದು ಶಬ್ದವೂ ಇಲ್ಲ. ಆದರೂ ಚಹಾ ಕುಡಿದ ಮೇಲೆ ಮುಖ ತೊಳೆದನೆಂದು ಯಾರೂ ತಿಳಿಯುವುದಿಲ್ಲ. ಒಟ್ಟಿಗೆ ನಡೆಯುವುದೂ ಹಾಗೆಯೇ: ಹಾಡುತ್ತ ಬಿತ್ತಿದಳು. ‘ಹಾಡಿ’ ಎಂದರೆ ಒಂದು ಮುಗಿದ ಮೇಲೆ ಇನ್ನೊಂದು, ‘ಹಾಡುತ್ತ’ ಎಂದರೆ ಎರಡೂ ಒಟ್ಟಿಗೆ. ಕಾನೂನಿನ ಇಂಗ್ಲಿಷ್ ಎರಡು ದೊಡ್ಡ ಶಬ್ದಗಳಿಂದ ಮಾಡುವ ವಿಂಗಡಣೆಯನ್ನು ಕನ್ನಡ ಒಂದು ಪ್ರತ್ಯಯದಲ್ಲಿ ಮಾಡುತ್ತದೆ. ಎರಡು ಕೆಲಸ ಒಂದರ ಮೇಲೊಂದು ನಡೆಯಿತೋ, ಒಟ್ಟೊಟ್ಟಿಗೆ ನಡೆಯಿತೋ ಎಂಬುದರಲ್ಲಿ ಕನ್ನಡದ ಕಿವಿ ತಪ್ಪುವುದಿಲ್ಲ. ತಪ್ಪಿದ್ದು ಪಟ್ಟಿಯನ್ನು ನಂಬಿದ ನನ್ನ ಕಣ್ಣು.

ಆ ಕಿವಿ ಇದ್ದದ್ದು ಜೈಲಿನಲ್ಲಿದ್ದ ಯುವಕನ ಅಣ್ಣನಿಗೆ. ಅರ್ಜಿ ಮುಂದಕ್ಕೆ ಹೋದ ಸುದ್ದಿ ಕೇಳಿ ಅವನು ಬಸ್ಸು ಹಿಡಿದು ಬಂದಿದ್ದ. ನಮ್ಮ ವಕೀಲರು, ಅನುವಾದ ಮಾಡಿದವರು ಇವರೇ, ಕೇಳು ಎಂದು ನನ್ನ ಬಳಿ ಕಳಿಸಿದ್ದರು.

“ಸಾಹೇಬ್ರ, ನಮ್ಮ ಕೋರ್ಟಿನ್ಯಾಗ ಮೂರು ವರ್ಷ ಅಂತ ಹೇಳ್ಯಾರ. ನಾ ಅಲ್ಲೇ ನಿಂತಿದ್ದೆ. ಐದು ಎಲ್ಲಿಂದ ಬಂತ್ರಿ?”

ನಾನು ಮೊದಲು ಮಾಡಿದ್ದು ನನ್ನನ್ನು ಕಾಪಾಡಿಕೊಳ್ಳುವ ಕೆಲಸ. “ಕಾಗದದಾಗ ಇದ್ದದ್ದನ್ನ ಬರದೀನಪ್ಪ. ಕ್ರಮವಾಗಿ ಅಂತ ಐತಿ. ನಿಘಂಟಿನ್ಯಾಗೂ ಹಂಗ ಐತಿ,” ಎಂದೆ. ಸ್ವರ ಸ್ವಲ್ಪ ಏರಿತ್ತು. ಅವನು ಜಗಳಕ್ಕೆ ಬರಲಿಲ್ಲ.

“ನನಗ ಓದಾಕ ಬರೂದಿಲ್ರಿ. ಕನ್ನಡದಾಗ ಇದ್ದದ್ದನ್ನ ಒಮ್ಮೆ ಓದಿ ಹೇಳ್ರಿ.”

ಓದಿದೆ. ಅವನು ತಲೆ ಬಗ್ಗಿಸಿ ಕೇಳಿಸಿಕೊಂಡ. ಇನ್ನೊಮ್ಮೆ ಓದಿಸಿದ. ನಂತರ ಕೇಳಿದ:

“ಇದರಾಗ ಆಮ್ಯಾಲ ಅನ್ನೂ ಮಾತು ಎಲ್ಲೈತ್ರಿ?”

ಎಲ್ಲೂ ಇರಲಿಲ್ಲ. ಅವನಿಗೆ ಉತ್ತರ ಕೊಡಲು ಬಾಯಿ ತೆರೆದಾಗ ನನಗೆ ಅದು ಕಂಡಿತು. ತೀರ್ಪನ್ನು ನಾನು ಜೋರಾಗಿ ಓದಿದ್ದು ಆಗಲೇ ಮೊದಲು. ಅನುವಾದ ಮಾಡುವಾಗ ಒಮ್ಮೆಯಾದರೂ ಹಾಗೆ ಓದಿದ್ದರೆ ಈ ಮಾತು ನನಗೇ ಹೊಳೆಯುತ್ತಿತ್ತು. ತಪ್ಪು ನನ್ನದು ಎಂದು ಅವನಿಗೂ ಹೇಳಿದೆ, ಪ್ರಮಾಣಪತ್ರದಲ್ಲಿಯೂ ಬರೆದೆ. ಅಕ್ಷರದೋಷ ಎಂದು ಬರೆದರೆ ಸಾಕು ಎಂದು ಹಿತೈಷಿಯೊಬ್ಬರು ಸಲಹೆ ಕೊಟ್ಟಿದ್ದರು. ಅದು ಅಕ್ಷರದೋಷ ಆಗಿರಲಿಲ್ಲ. ಅರ್ಥವನ್ನೇ ತಪ್ಪಾಗಿ ತಿಳಿದು ಬರೆದಿದ್ದೇನೆ, ಮೂಲದಲ್ಲಿ ಆ ಅರ್ಥವಿಲ್ಲ ಎಂದೇ ಬರೆದೆ.

ಅಲ್ಲಿಂದಾಚೆ ‘ಕಾನ್ಸೆಕ್ಯುಟಿವ್‌ಲಿ’, ‘ಕನ್‌ಕರೆಂಟ್‌ಲಿ’ ಎಂಬ ಎರಡು ಶಬ್ದಗಳ ಹಿಂದೆ ಬಿದ್ದು ಕಾನೂನನ್ನು ಓದಿದೆ. ಒಂದೇ ವಿಚಾರಣೆಯಲ್ಲಿ ಎರಡು ಅಥವಾ ಹೆಚ್ಚು ಅಪರಾಧಗಳಿಗೆ ಶಿಕ್ಷೆಯಾದಾಗ ಏನು ಮಾಡಬೇಕೆಂದು 1973ರ ಆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 31 ಹೇಳುತ್ತಿತ್ತು. ಗಮನಿಸಬೇಕಾದ ಸಂಗತಿ, ಅದರ ಮೊದಲ ಉಪಕಲಮಿನಲ್ಲಿ ನಾನು ಬರೆದ ಆ ಶಬ್ದವೇ ಇಲ್ಲ. ಒಂದರ ಅವಧಿ ಮುಗಿದ ಮೇಲೆ ಇನ್ನೊಂದು ಆರಂಭವಾಗತಕ್ಕದ್ದು ಎಂದು ಬಿಡಿಸಿಯೇ ಬರೆದಿದ್ದರು. ಏಕಕಾಲಕ್ಕೆ ಎಂದು ನ್ಯಾಯಾಲಯ ಹೇಳದಿದ್ದರೆ ಆ ನಿಯಮ. ಹಾಗಾಗಿ ಆದೇಶದಲ್ಲಿ ಒಂದು ಸಾಲು ಬಿಟ್ಟುಹೋದರೆ ವರ್ಷಗಳು ತಾವಾಗಿಯೇ ಕೂಡಿಕೊಳ್ಳುವ ಅಪಾಯವಿತ್ತು. ಒಟ್ಟಿಗೋ ಒಂದರ ಮೇಲೊಂದೋ ಎಂಬುದನ್ನು ವಿಚಾರಣಾ ನ್ಯಾಯಾಲಯ ಸ್ಪಷ್ಟವಾಗಿ ನಮೂದಿಸಲೇಬೇಕು ಎಂದು ಸುಪ್ರೀಂ ಕೋರ್ಟು 2015ರಲ್ಲಿ ನಾಗರಾಜ ರಾವ್ ಪ್ರಕರಣದಲ್ಲಿ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 25 ಅದನ್ನೇ ಕಾನೂನಾಗಿಸಿದೆ. ಅಪರಾಧದ ತೀವ್ರತೆ ನೋಡಿ ಎರಡರಲ್ಲೊಂದನ್ನು ನ್ಯಾಯಾಲಯ ಆದೇಶಿಸಬೇಕು. ಈಗ ಆ ಇಂಗ್ಲಿಷ್ ಕ್ರಿಯಾವಿಶೇಷಣ ಕಲಮಿನೊಳಗೇ ಬಂದು ಕೂತಿದೆ. ಒಂದರ ಮೇಲೊಂದು ಕೂಡಿಸಿದಾಗ 14 ವರ್ಷ ಮೀರಬಾರದು ಎಂದಿದ್ದ ಮಿತಿಯೂ 20 ವರ್ಷಕ್ಕೆ ಏರಿದೆ. ಎಂದರೆ ತಪ್ಪಾದರೆ ಆಗುವ ಹಾನಿಯೂ ಹೆಚ್ಚಿದೆ.

ಉತ್ತರ ಪ್ರದೇಶದ ಹಾಪುಡ್‌ನ ಇಕ್ರಾಮ್ ಪ್ರಕರಣವನ್ನು ಓದಿದ ದಿನ ನನಗೆ ಬೇರೆ ಕೆಲಸ ಸಾಗಲಿಲ್ಲ. ವಿದ್ಯುತ್ ಸಾಮಗ್ರಿ ಕದ್ದ ಆರೋಪದ 9 ಕೇಸುಗಳಲ್ಲಿ ಅವನು ತಪ್ಪೊಪ್ಪಿಕೊಂಡ, ಪ್ರತಿಯೊಂದರಲ್ಲೂ 2 ವರ್ಷ ಶಿಕ್ಷೆಯಾಯಿತು. ಶಿಕ್ಷೆಗಳು ಒಟ್ಟಿಗೆ ನಡೆಯಲಿ ಎಂಬ ಸಾಲು ಆದೇಶದಲ್ಲಿರಲಿಲ್ಲ. ಜೈಲಿನವರು ಕಲಂ 427ರಂತೆ ಒಂದರ ಮೇಲೊಂದು ಕೂಡಿಸಿದರು, 18 ವರ್ಷವಾಯಿತು. ಹೈಕೋರ್ಟು ಪರಿಹಾರ ಕೊಡಲಿಲ್ಲ. 2022ರ ಡಿಸೆಂಬರಿನಲ್ಲಿ, ಅವನು ಅದಾಗಲೇ 3 ವರ್ಷ ಒಳಗೆ ಕಳೆದಿದ್ದಾಗ, ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಸುಪ್ರೀಂ ಕೋರ್ಟಿನ ಪೀಠ ಎಲ್ಲ ಶಿಕ್ಷೆಗಳೂ ಏಕಕಾಲಕ್ಕೆ ನಡೆಯಲಿ ಎಂದು ಆದೇಶಿಸಿತು. 2 ಎಲ್ಲಿ, 18 ಎಲ್ಲಿ! ಅಲ್ಲಿ ಇರಬೇಕಾದ ಶಬ್ದ ಇರಲಿಲ್ಲ, ನನ್ನ ಕಾಗದದಲ್ಲಿ ಇರಬಾರದ ಶಬ್ದ ಇತ್ತು. ಎರಡು ಕಡೆಯೂ ಅದರ ಲೆಕ್ಕ ತೆತ್ತವನು ಒಳಗಿದ್ದವನು.

ಇನ್ನೊಂದು ತೀರ್ಪು ಬೇರೆ ರೀತಿಯಲ್ಲಿ ಕಣ್ಣು ತೆರೆಸಿತು. 2016ರ ಮುತ್ತುರಾಮಲಿಂಗಂ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಜೀವಾವಧಿ ಶಿಕ್ಷೆಗಳನ್ನು ಒಂದರ ಮೇಲೊಂದು ಜಾರಿ ಮಾಡಲಾಗದು ಎಂದಿತು, ಏಕೆಂದರೆ ಮನುಷ್ಯನಿಗಿರುವುದು ಒಂದೇ ಜೀವ. ಆದರೆ ಅವಧಿಯ ಶಿಕ್ಷೆ ಮೊದಲು ಮುಗಿಸಿ ಆಮೇಲೆ ಜೀವಾವಧಿ ಶುರುವಾಗಲಿ ಎನ್ನಬಹುದು. ಅದನ್ನು ತಿರುಗಿಸಿ ಹೇಳುವಂತಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಅಲ್ಲಿ ನ್ಯಾಯದ ಪ್ರಶ್ನೆ.

ಆ ನೋಟುಬುಕ್ಕಿನ ಪಟ್ಟಿಯನ್ನು ನಾನು ಬಿಟ್ಟೆ. ಈಗ ಶಬ್ದದ ಜೋಡಿ ಬರೆದುಕೊಳ್ಳುವುದಿಲ್ಲ, ವಾಕ್ಯವನ್ನೇ ಬರೆದುಕೊಳ್ಳುತ್ತೇನೆ, ಅದು ಯಾವ ಥರದ ಕಾಗದದಲ್ಲಿತ್ತು ಎಂಬುದರ ಸಮೇತ. ಶಿಕ್ಷೆಯ ಆದೇಶವನ್ನು ಕನ್ನಡದಲ್ಲಿ ಜೋರಾಗಿ ಓದದೆ ಇಂಗ್ಲಿಷಿಗೆ ಕೈಹಾಕುವುದಿಲ್ಲ. ಇಂಗ್ಲಿಷಿನಲ್ಲಿ ‘ರೆಸ್ಪೆಕ್ಟಿವ್‌ಲಿ’ಯನ್ನು ಸಹ ಹಾಕುವುದಿಲ್ಲ. ಈ ಕಲಮಿಗೆ ಇಷ್ಟು, ಆ ಕಲಮಿಗೆ ಅಷ್ಟು ಎಂದು ಬಿಡಿಬಿಡಿಯಾಗಿ ಬರೆಯುತ್ತೇನೆ. ಎರಡು ಸಾಲು ಹೆಚ್ಚಾಗುತ್ತದೆ, ಆಗಲಿ.

ಕನ್ನಡದಲ್ಲಿ ತೀರ್ಪು ಬರೆಯುವವರಿಗೂ ಇದನ್ನೇ ವಿನಯದಿಂದ ಕೇಳಿಕೊಳ್ಳುತ್ತೇನೆ. ನೀವು ಬರೆದದ್ದರಲ್ಲಿ ತಪ್ಪಿಲ್ಲ. ಆದರೂ ಒಂದೊಂದು ಕಲಮಿನ ಮುಂದೆ ಅದರ ಶಿಕ್ಷೆಯನ್ನು ಬೇರೆಯಾಗಿ ಬರೆದು, ಶಿಕ್ಷೆಗಳು ಹೇಗೆ ನಡೆಯಬೇಕೆಂಬ ಸಾಲನ್ನು ಅದರ ಬೆನ್ನಿಗೇ ಇಟ್ಟರೆ, ನನ್ನಂಥವನ ಕೈಯಲ್ಲಿ ಅದು ಹಾಳಾಗುವುದಿಲ್ಲ. ‘ಅನುಕ್ರಮವಾಗಿ’ ಎಂಬ ಬಿಗಿಯಾದ ಶಬ್ದಕ್ಕಿಂತ ಒಂದು ಮುಗಿದ ಮೇಲೆ ಇನ್ನೊಂದು ಎಂಬುದೇ ಮೇಲು. ಶಿಕ್ಷೆ ಅನುಭವಿಸುವವನಿಗೂ ಅವನ ಮನೆಯವರಿಗೂ ಅದು ಕೇಳಿದ ಕೂಡಲೇ ತಿಳಿಯುತ್ತದೆ.

ತಿದ್ದಿದ ಅನುವಾದವನ್ನು ತೆಗೆದುಕೊಂಡು ಹೋಗಲು ಅಣ್ಣ ಮತ್ತೆ ಬಂದಾಗ ಒಂದು ಪ್ರಶ್ನೆ ಕೇಳಿದ. ಪ್ರತಿ ಕಲಮಿಗೂ 5 ಸಾವಿರ ದಂಡ, ಕಟ್ಟದಿದ್ದರೆ ಮೂರು ಮೂರು ತಿಂಗಳ ಸಾದಾ ಸಜೆ ಎಂದು ತೀರ್ಪಿನಲ್ಲಿತ್ತು. “ಆ ಮೂರು ತಿಂಗಳೂ ಇದರಾಗ ಒಟ್ಟಿಗೆ ಹೊಕ್ಕಾವೇನ್ರಿ?” ಈ ಸಲ ಅಂದಾಜಿನ ಮೇಲೆ ಉತ್ತರ ಕೊಡಲಿಲ್ಲ. ಅವನನ್ನು ಕೂರಿಸಿ, ವಕೀಲರಿಗೆ ಫೋನು ಮಾಡಿ ಕೇಳಿ ತಿಳಿದುಕೊಂಡೆ. ಹೋಗುವುದಿಲ್ಲ. ದಂಡ ತಪ್ಪಿಸಿದ್ದಕ್ಕೆ ಬರುವ ಸಜೆ ಉಳಿದ ಶಿಕ್ಷೆಗೆ ಸೇರದೆ ಅದರ ಮೇಲೆ ಹೆಚ್ಚುವರಿಯಾಗಿಯೇ ನಡೆಯಬೇಕೆಂದು ದಂಡ ಸಂಹಿತೆಯ ಕಲಂ 64ರಲ್ಲೇ ಇತ್ತು. ಅದನ್ನು ಏಕಕಾಲಕ್ಕೆ ಎನ್ನಲಾಗದು ಎಂದು ಸುಪ್ರೀಂ ಕೋರ್ಟು 2018ರಲ್ಲಿ ಶರದ್ ಹಿರು ಕೋಲಂಬೆ ಪ್ರಕರಣದಲ್ಲಿ ಖಚಿತಪಡಿಸಿತು. ಅವನ ತಮ್ಮನಿಗೆ 3 ವರ್ಷ ಒಟ್ಟಿಗೆ, ದಂಡ ಕಟ್ಟದಿದ್ದರೆ ಅದರ ಮೇಲೆ 3 ತಿಂಗಳು, ಅದರ ಮೇಲೆ ಮತ್ತೆ 3 ತಿಂಗಳು. ಒಂದೊಂದನ್ನೂ ಬೆರಳು ಮಡಿಸಿ ಹೇಳಿದೆ. “ಹಂಗಾದ್ರ ರೊಕ್ಕ ಕಟ್ಟೂದ ಚೊಲೊ,” ಎಂದು ಅವನು ಎದ್ದ. ದಂಡ ಯಾವ ನ್ಯಾಯಾಲಯದಲ್ಲಿ ಕಟ್ಟಬೇಕು, ರಸೀದಿಯ ಪ್ರತಿಯನ್ನು ಜೈಲಿಗೆ ಹೇಗೆ ಮುಟ್ಟಿಸಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಓದಿ ಹೇಳಿ, ಕೈಗೆ ಕೊಟ್ಟೆ.